ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಬಂಗಾರಪೇಟೆಯ ನಮ್ಮ ಭಾವನವರಿಗೆ ತಲೆನೋವು ಬಂದದ್ದು ಸುದ್ದಿಯಾಗುವಂಥ ಸಂಗತಿಯೇನಲ್ಲ. ತಲೆ ಇರುವವರಿಗೆಲ್ಲ ಒಂದಲ್ಲ ಒಂದು ದಿನ ಬರುವ ನೆಂಟ ಅದು. ಆದರೆ ನೆಂಟನಾದವನು ಮೂರು ದಿನ ಇದ್ದು ಊಟ ಮಾಡಿ ಹೊರಡಬೇಕು. ಎಂಟು ತಿಂಗಳಾದರೂ ಹೊರಡದೆ ನಡುಮನೆಯಲ್ಲೇ ಹಾಸಿಗೆ ಹಾಸಿಕೊಂಡರೆ ಮನೆಯವರ ಗತಿ ಏನು? ಒಂದು ದಿನ ಅಕ್ಕ ಫೋನು ಮಾಡಿ, “ನೀನು ಪೇಪರಿಗೆಲ್ಲ ಬರೀತೀಯಲ್ಲ, ನಿಮ್ಮ ಭಾವನ ತಲೆನೋವಿನ ಮೇಲೂ ಒಂದು ಬರಿ. ಅದನ್ನ ಓದಾದ್ರೂ ವಾಸಿಯಾಗ್ಲಿ” ಎಂದಳು. ಮಾತಿನಲ್ಲಿ ನಗುವಿತ್ತು. ನಗು ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮೌನ ಕೇಳಿ ನಾನು ಮರುದಿನವೇ ಬಂಗಾರಪೇಟೆಯ ರೈಲು ಹತ್ತಿದೆ.

ಭಾವ ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನಲ್ಲಿ. ಅವರ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಳಗಿಳಿದು ದುಡಿದವರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಆ ಗಣಿಗಳು ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅಪ್ಪಂದಿರು ನೆಲದೊಳಕ್ಕೆ ಇಳಿದರು, ಮಕ್ಕಳು ರೈಲಿಗೆ ಹತ್ತಿದರು ಎಂದರೆ ಆ ಊರಿನ ಚರಿತ್ರೆಯನ್ನು ಒಂದೇ ಸಾಲಿನಲ್ಲಿ ಹೇಳಿದಂತೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಿಂದ ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆ ಸೇರುವ ಸಾವಿರಾರು ಜನರಲ್ಲಿ ಭಾವನೂ ಒಬ್ಬರು. ಮದುವೆಯಾದ ಮೇಲೆ ಬಂಗಾರಪೇಟೆಯಲ್ಲಿ ಮನೆ ಮಾಡಿದ್ದರಿಂದ ಅವರಿಗೆ ಅರ್ಧ ಗಂಟೆಯ ನಿದ್ದೆ ಹೆಚ್ಚಿಗೆ ಸಿಗುತ್ತದೆ, ಅಷ್ಟೇ.

ಒಂದು ಭಾನುವಾರ ಕೆ.ಜಿ.ಎಫ್.ನಲ್ಲಿರುವ ತಾಯಿಯನ್ನು ನೋಡಿಕೊಂಡು ಆಟೋದಲ್ಲಿ ಮರಳುತ್ತಿದ್ದರು. ರಸ್ತೆಯ ಉಬ್ಬಿನ ಬಳಿ ಆಟೋ ನಿಧಾನವಾಯಿತು. ಹಿಂದಿನಿಂದ ಬಂದ ಟೆಂಪೊ ನಿಧಾನವಾಗಲಿಲ್ಲ. ಗುದ್ದಿದ ರಭಸಕ್ಕೆ ಭಾವನ ತಲೆ ಒಮ್ಮೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಆಟೋದ ಸೀಟಿಗೆ ತಲೆ ಆನಿಸುವಷ್ಟು ಎತ್ತರ ಎಲ್ಲಿದೆ? ರಕ್ತ ಬರಲಿಲ್ಲ, ಮೂಳೆ ಮುರಿಯಲಿಲ್ಲ. ಆಟೋದ ಹಿಂದಿನ ದೀಪ ಒಡೆದಿತ್ತು. ಇಬ್ಬರು ಚಾಲಕರ ಜಗಳ ತಮಿಳಿನಲ್ಲಿ ಶುರುವಾಗಿ, ತೆಲುಗಿನಲ್ಲಿ ಬೆಳೆದು, ಕನ್ನಡದಲ್ಲಿ ರಾಜಿಯಾಯಿತು. ಅದು ಆ ಸೀಮೆಯ ಪದ್ಧತಿ. ಭಾವ ಅಲ್ಲೇ ಒಂದು ಟೀ ಕುಡಿದು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಕತ್ತು ಮರದ ಕೊರಡಿನಂತಾಗಿತ್ತು. ಮೂರನೆಯ ದಿನ ತಲೆನೋವು ಶುರುವಾಯಿತು. ಬಲಗಡೆ ಹಿಂದಲೆಯ ಬುಡದಲ್ಲಿ ಹಿಡಿದುಕೊಂಡು, ಕಿವಿಯ ಮೇಲಿಂದ ಹತ್ತಿ, ಬಲಗಣ್ಣಿನ ಹಿಂದೆ ಬಂದು ಕೂರುತ್ತಿತ್ತು. ಹಿಂದೆ ಬರುವ ಬಸ್ಸನ್ನು ನೋಡಲು ತಿರುಗಿದರೆ ಜಾಸ್ತಿ, ಬಹಳ ಹೊತ್ತು ತಲೆ ಬಗ್ಗಿಸಿ ರಿಜಿಸ್ಟರು ಬರೆದರೆ ಇನ್ನೂ ಜಾಸ್ತಿ. ಎರಡು ವಾರದಲ್ಲಿ ಕತ್ತು ಹಗುರಾಯಿತು, ತಲೆನೋವು ಮಾತ್ರ ಉಳಿಯಿತು. ಹಾಗಾಗಿ ಕತ್ತನ್ನು ಎಲ್ಲರೂ ಮರೆತರು, ತಲೆಯ ಬೆನ್ನು ಹತ್ತಿದರು.

ಚಿಕಿತ್ಸೆಗಳಿಗೇನು ಬರ? ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆಂದು ನೆರೆಮನೆಯ ಅಜ್ಜಿ ಅಂಥ ಹುಡುಗನೊಬ್ಬನನ್ನು ಹುಡುಕಿ ಕರೆತಂದರು. ಹುಡುಗ ಭಕ್ತಿಯಿಂದ ಒದ್ದ. ಹಣೆಗೆ ಅಮೃತಾಂಜನ, ಮೂಗಿಗೆ ನೀಲಗಿರಿ ಎಣ್ಣೆ ಆಯಿತು. ಹುಳಿ ಪಿತ್ತ ಕೆರಳಿಸುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ಬಂಗಾರಪೇಟೆಯ ಹೆಸರನ್ನು ಬೆಂಗಳೂರಿನವರೆಗೂ ಮುಟ್ಟಿಸಿರುವ ತಿಳಿನೀರಿನ ಪಾನಿಪೂರಿಯನ್ನೂ ಬಿಟ್ಟರು. “ಅದೊಂದನ್ನ ಬಿಟ್ಟಿದ್ದೇ ನನಗೆ ನಿಜವಾದ ಸಂಕಟ ಕಣಪ್ಪಾ” ಎಂದು ಭಾವ ನನ್ನ ಮುಂದೆ ತೋಡಿಕೊಂಡರು.

ಇಷ್ಟರವರೆಗೆ ನಗಬಹುದು. ನಗಬಾರದ್ದು ಕ್ಷೌರದಂಗಡಿಯ ನೆಟಿಕೆ. ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಫಟ್ಟನೆ ತಿರುವಿ ಕತ್ತಿನ ನೆಟಿಕೆ ತೆಗೆಯುವುದು ನಮ್ಮಲ್ಲಿ ಕ್ಷೌರದ ಜೊತೆ ಪುಕ್ಕಟೆ ಸಿಗುವ ಸೇವೆ. ಕತ್ತಿನ ಮೂಳೆಗಳ ನಡುವೆ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಹಾಗೆ ತಿರುವಿದಾಗ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿದ ಪ್ರಸಂಗಗಳನ್ನು ವೈದ್ಯರು ದಾಖಲಿಸಿದ್ದಾರೆ. ಪೆಟ್ಟು ತಿಂದ ಕತ್ತನ್ನಂತೂ ಯಾರ ಕೈಗೂ ಹಾಗೆ ಕೊಡಬಾರದು. ಭಾವ ಎರಡು ಸಲ ಕೊಟ್ಟಿದ್ದರು. ಏನೂ ಆಗದಿದ್ದದ್ದು ಅಕ್ಕನ ಪುಣ್ಯ.

ಆಮೇಲೆ ಪಟ್ಟಿ ಬಂತು. ಔಷಧಿ ಅಂಗಡಿಯಿಂದ ಕತ್ತಿನ ಕಾಲರ್ ತಂದು ಮೂರು ತಿಂಗಳು ಕಟ್ಟಿಕೊಂಡರು. ಮೂಳೆ ಮುರಿದವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ ವೈದ್ಯರು ಹೇಳಿದಷ್ಟು ದಿನ ಅದು ಬೇಕು. ಬರೀ ಉಳುಕಿಗೆ ತಿಂಗಳುಗಟ್ಟಲೆ ಕಟ್ಟಿದರೆ, ಕೆಲಸವಿಲ್ಲದ ಕತ್ತಿನ ಸ್ನಾಯುಗಳು ಸೋಮಾರಿಯಾಗಿ ಸೊರಗುತ್ತವೆ. ಪಟ್ಟಿ ಬಿಚ್ಚಿದ ದಿನ ಐದು ಕಿಲೋ ತೂಗುವ ತಲೆಯನ್ನು ಹೊರಲು ಅವಕ್ಕೆ ತ್ರಾಣವಿರುವುದಿಲ್ಲ.

ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದರು. ‘ಡಿಸ್ಕ್ ಉಬ್ಬಿದೆ’ ಎಂದು ವರದಿ ಬಂತು. ಅದನ್ನೋದಿ ಭಾವನ ಎದೆಯೂ ಉಬ್ಬಿ ಒಡೆಯುವುದೊಂದು ಬಾಕಿ. ಜಪಾನಿನಲ್ಲಿ ಕತ್ತುನೋವಿಲ್ಲದ 1,211 ಆರೋಗ್ಯವಂತರ ಕತ್ತನ್ನು ಹೀಗೆಯೇ ಸ್ಕ್ಯಾನ್ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ ಸುಮಾರು 88 ಮಂದಿಯ ಡಿಸ್ಕುಗಳು ಉಬ್ಬಿದ್ದವು! ತಲೆಯಲ್ಲಿ ನರೆ ಬಂದಷ್ಟೇ ಸಹಜ ಅದು. ಸ್ಕ್ಯಾನಿನಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವೆಂದರೆ ನೋವು ಸುಳ್ಳೂ ಅಲ್ಲ.

ಈ ಎರಡನೆಯ ಮಾತು ಭಾವನ ಕಚೇರಿಯವರಿಗೆ ತಿಳಿದಿರಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿದ್ದರೆ ಎಲ್ಲರೂ ಬಂದು ವಿಚಾರಿಸುತ್ತಿದ್ದರು. ತಲೆನೋವಿಗೆ ಪ್ಲಾಸ್ಟರ್ ಎಲ್ಲಿದೆ? “ಆಟೋಗೆ ಗುದ್ದಿ ಆರು ತಿಂಗಳಾಯ್ತಲ್ಲ ಸ್ವಾಮಿ, ಇನ್ನೂ ನೋವೇ?” ಎಂಬ ಪ್ರಶ್ನೆಯಲ್ಲಿದ್ದ ಮೊನೆ ಅವರಿಗೆ ನಾಟಿತ್ತು. ಇದು ಹಳೆಯ ಅನುಮಾನ. ಇಂಗ್ಲೆಂಡಿನಲ್ಲಿ ರೈಲು ಹೊಸದಾಗಿದ್ದ ಕಾಲದಲ್ಲಿ, ಅಪಘಾತದಿಂದ ಮೈಮೇಲೆ ಗಾಯವಿಲ್ಲದೆ ಪಾರಾದವರು ತಿಂಗಳಾನುಗಟ್ಟಲೆ ತಲೆನೋವು, ಬೆನ್ನುನೋವು, ನಿದ್ದೆಗೇಡು ಎಂದು ನರಳುತ್ತಿದ್ದರು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ 1866ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದ. ‘ರೈಲ್ವೆ ಸ್ಪೈನ್’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಪರಿಹಾರದ ದುಡ್ಡಿಗಾಗಿ ಆಡುವ ನಾಟಕವೆಂದು ಒಂದು ಪಕ್ಷ, ನಿಜವಾದ ಕಾಯಿಲೆಯೆಂದು ಇನ್ನೊಂದು ಪಕ್ಷ ನ್ಯಾಯಾಲಯಗಳಲ್ಲಿ ಬಡಿದಾಡಿದವು. ನೂರೈವತ್ತು ವರ್ಷದ ಮೇಲೆ ಅದೇ ವ್ಯಾಜ್ಯ ನಮ್ಮ ಭಾವನ ಕಚೇರಿಯಲ್ಲಿ ನಡೆಯುತ್ತಿತ್ತು, ವಕೀಲರಿಲ್ಲದೆ.

ನಾನು ಹೋದ ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಒಂದು ಮಡಿಸಿದ ಕಾಗದ ತೋರಿಸಿದಳು. ಭಾವನ ಊಟದ ಚೀಲ ತೊಳೆಯಲು ತೆಗೆದಾಗ ಸಿಕ್ಕಿತಂತೆ. ರಾಜೀನಾಮೆ ಪತ್ರ. ತಾರೀಖು ಮಾತ್ರ ಹಾಕಿರಲಿಲ್ಲ. ಮಗಳ ಓದು ಮುಗಿಯಲು ಎರಡು ವರ್ಷವಿತ್ತು. “ಗಣಿ ಮುಚ್ಚಿದಾಗಲೂ ಈ ಮನುಷ್ಯ ಇಷ್ಟು ಕುಗ್ಗಿರಲಿಲ್ಲ” ಎಂದಳು ಅಕ್ಕ. ಆ ಕಾಗದವನ್ನು ಅವಳು ಸಾಸಿವೆ ಡಬ್ಬಿಯ ಕೆಳಗೆ ಇಟ್ಟಳು.

ಮರುದಿನ ಭಾವನನ್ನು ಕೋಲಾರಕ್ಕೆ ಕರೆದುಕೊಂಡು ಹೋದೆ. ನರರೋಗ ನೋಡುವ ವೈದ್ಯೆಯೊಬ್ಬರು ಸ್ಕ್ಯಾನಿನ ಚೀಲ ಬಿಚ್ಚುವ ಮೊದಲೇ ಎರಡು ಪ್ರಶ್ನೆ ಕೇಳಿದರು. “ನೋವು ಶುರುವಾಗೋದು ಎಲ್ಲಿ?” “ತಿಂಗಳಲ್ಲಿ ಎಷ್ಟು ದಿನ ಮಾತ್ರೆ ನುಂಗ್ತೀರಿ?” ಎಂಟು ತಿಂಗಳಲ್ಲಿ ಈ ಎರಡನ್ನೂ ಯಾರೂ ಕೇಳಿರಲಿಲ್ಲ. ಮೊದಲನೆಯದಕ್ಕೆ ಭಾವ ಹಿಂದಲೆಯ ಬುಡ ಮುಟ್ಟಿ ತೋರಿಸಿದರು. ವೈದ್ಯೆ ಅಲ್ಲೇ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಭಾವ, “ಅಯ್ಯೋ, ಕಣ್ಣಿಗೆ ಬಂತು!” ಎಂದರು. ಒತ್ತಿದ್ದು ಕತ್ತನ್ನು, ನೊಂದದ್ದು ಕಣ್ಣು.

ಅದು ಹೇಗೆ ಎಂದು ನಾನು ಕೇಳಿದೆ. “ನೀವು ಬಂಗಾರಪೇಟೆಯವರಲ್ವಾ? ಜಂಕ್ಷನ್ ನೋಡಿದ್ದೀರಲ್ಲ” ಎಂದರು. ಮಾರಿಕುಪ್ಪಂ ಕಡೆಯ ರೈಲು, ಕೋಲಾರದ ಕಡೆಯ ರೈಲು, ಜೋಲಾರಪೇಟೆ ಕಡೆಯ ರೈಲು ಎಲ್ಲವೂ ಅಲ್ಲಿ ಸೇರುತ್ತವೆ. ಮೇಲ್ಸೇತುವೆ ಹತ್ತಿ ಹೊರಬರುವ ಜನರನ್ನು ನೋಡಿ ಯಾರು ಯಾವ ರೈಲಿನಿಂದ ಇಳಿದರೆಂದು ಹೇಳಲಾಗುವುದಿಲ್ಲ. ಕತ್ತಿನ ಮೇಲ್ಭಾಗದ ಮೊದಲ ಮೂರು ಜೊತೆ ನರಗಳೂ, ಹಣೆ, ಕಣ್ಣು, ಕಪೋಲಗಳ ಸುದ್ದಿ ತರುವ ಟ್ರೈಜೆಮಿನಲ್ ನರವೂ ಮಿದುಳಬಳ್ಳಿಯ ಮೇಲ್ತುದಿಯಲ್ಲಿ ಹೀಗೆಯೇ ಒಂದೇ ಜಂಕ್ಷನ್ನಿನಲ್ಲಿ ಸೇರುತ್ತವೆ. ಕತ್ತಿನ ಕೀಲು, ಸ್ನಾಯುಗಳಿಂದ ಬಂದ ನೋವನ್ನು ಮಿದುಳು ಹಣೆಯಿಂದ, ಕಣ್ಣಿನಿಂದ ಬಂದದ್ದೆಂದು ತಪ್ಪು ತಿಳಿಯುತ್ತದೆ. ನಾರ್ವೆಯ ಶೋಸ್ಟಾ ಎಂಬ ವೈದ್ಯ 1983ರಲ್ಲಿ ಇದಕ್ಕೆ ‘ಸರ್ವಿಕೋಜೆನಿಕ್’ ತಲೆನೋವು, ಅಂದರೆ ಕತ್ತಿನಲ್ಲಿ ಹುಟ್ಟುವ ತಲೆನೋವು ಎಂದು ಹೆಸರಿಟ್ಟ.

ಭಾವ ತಲೆಯಾಡಿಸಿದರು. “ನಮ್ಮಪ್ಪನ ಕಾಲದಲ್ಲಿ ಕೆಳಗೆ ಬಂಡೆ ಸಿಡಿದ್ರೆ ಮೇಲೆ ನಮ್ಮನೆ ಪಾತ್ರೆ ಎಲ್ಲಾ ಗಡಗಡ ಅನ್ನೋವು ಮೇಡಂ. ಪಾತ್ರೆ ಹಿಡ್ಕೊಂಡ್ರೆ ಏನು ಬಂತು? ಸಿಡಿದಿರೋದು ಕೆಳಗೆ” ಎಂದರು. ಕೆ.ಜಿ.ಎಫ್. ಗಣಿಗಳ ಬಂಡೆ ಸಿಡಿತ ಕಂಡವರಿಗೆ ಮಾತ್ರ ಹೊಳೆಯುವ ಹೋಲಿಕೆ ಅದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯ ಅರ್ಥವೂ ಇದೇ ಅಲ್ಲವೇ? ಎಂಟು ತಿಂಗಳು ನಾವೆಲ್ಲ ಎಮ್ಮೆಗೆ ಬರೆ ಹಾಕುತ್ತಿದ್ದೆವು.

ಎರಡನೆಯ ಪ್ರಶ್ನೆಗೆ ಉತ್ತರ ಸಲೀಸಾಗಿ ಬರಲಿಲ್ಲ. ಬೆರಳು ಮಡಿಸಿ ಎಣಿಸಿ, “ಭಾನುವಾರ ಬಿಟ್ಟು ದಿನಾ ಇರಬಹುದು” ಎಂದರು. ಅಕ್ಕ ಹಿಂದಿನಿಂದ, “ಭಾನುವಾರ ಎರಡು” ಎಂದು ತಿದ್ದಿದಳು. ಇಲ್ಲಿ ಕಥೆಯ ಎರಡನೆಯ ಗಂಟಿತ್ತು. ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗುತ್ತ ಬಂದರೆ ಮಾತ್ರೆಯೇ ತಲೆನೋವನ್ನು ಸಾಕತೊಡಗುತ್ತದೆ. ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಿದಂತೆ. ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಆಗುವ ಕೇಡು ಬೇರೆ. ಮಾತ್ರೆ ನಿಲ್ಲಿಸಿದ ಮೊದಲ ವಾರ ಹತ್ತು ದಿನ ನೋವು ಇನ್ನೂ ಕೆರಳುತ್ತದೆ. ಗೊತ್ತಿಲ್ಲದವರು ಅಲ್ಲೇ ಹೆದರಿ ಮತ್ತೆ ಅಂಗಡಿಗೆ ಓಡುತ್ತಾರೆ. ಆದ್ದರಿಂದ ನಿಲ್ಲಿಸುವುದೂ ವೈದ್ಯರ ಕಣ್ಣೆದುರು ನಡೆಯಬೇಕು. ರಕ್ತದೊತ್ತಡ, ಹೃದಯದ ಕಾಯಿಲೆಗಳಿಗೆ ಕೊಟ್ಟ ಮಾತ್ರೆಗಳನ್ನು ಇದೇ ನೆಪದಲ್ಲಿ ಯಾರೂ ನಿಲ್ಲಿಸಬಾರದು.

ಕತ್ತಿಗೆ ಪೆಟ್ಟಾದವರ ತಲೆನೋವೆಲ್ಲ ಒಂದೇ ಜಾತಿಯದಲ್ಲ ಎಂಬುದನ್ನೂ ಹೇಳಬೇಕು. ನಿಮ್ಹಾನ್ಸ್‌ನವರೂ ಇತರ ತಜ್ಞರೂ ಸೇರಿ ಬೆಂಗಳೂರಿನ ಆಸುಪಾಸಿನ ಪಟ್ಟಣ, ಹಳ್ಳಿಗಳಲ್ಲಿ 2,329 ಮಂದಿಯನ್ನು ವಿಚಾರಿಸಿ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ತಲೆನೋವು ಕಂಡವರು ನೂರಕ್ಕೆ 64 ಮಂದಿ. ಮೈಗ್ರೇನ್ ಇದ್ದವರೇ ನೂರಕ್ಕೆ 25. ಮೊದಲೇ ಮೈಗ್ರೇನ್ ಇದ್ದವರಿಗೆ ಪೆಟ್ಟಾದ ಮೇಲೆ ಅದೇ ಕೆರಳಿರಬಹುದು. ಅದಕ್ಕೆ ಔಷಧವೇ ಬೇರೆ. ಹೀಗಾಗಿ ಭಾವನ ಚೀಟಿಯನ್ನು ನೋಡಿ ನೀವು ಮಾತ್ರೆ ಕೊಳ್ಳುವಂತಿಲ್ಲ.

ಭಾವನಿಗೆ ಸಿಕ್ಕ ಚಿಕಿತ್ಸೆ ನೋಡಲು ಸಪ್ಪೆ. ರಾತ್ರಿಗೊಂದು ಸಣ್ಣ ಮಾತ್ರೆ, ಅದೂ ಕೆಲವು ತಿಂಗಳಿಗೆ ಮಾತ್ರ. ಉಳಿದದ್ದೆಲ್ಲ ಫಿಸಿಯೋಥೆರಪಿ ಮಾಡುವ ಹುಡುಗಿಯ ಕೈಯಲ್ಲಿ. ಅವಳು ಕಲಿಸಿದ ಮೊದಲ ವ್ಯಾಯಾಮ ನೋಡಿ ಭಾವನಿಗೆ ಅವಮಾನವೇ ಆಯಿತಂತೆ. ಅಂಗಾತ ಮಲಗಿ, ತಲೆಯಡಿ ತೆಳ್ಳಗೆ ಮಡಿಸಿದ ಟವೆಲ್ ಇಟ್ಟುಕೊಂಡು, ಯಾರೋ ಹೇಳಿದ ಮಾತಿಗೆ ‘ಹೂಂ’ ಎನ್ನುವಂತೆ ಗದ್ದವನ್ನು ಮೆಲ್ಲಗೆ ಕತ್ತಿನ ಕಡೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯುವುದು. ತಲೆ ಎತ್ತಬಾರದು, ಕತ್ತಿನ ಮುಂದಿನ ನರಗಳು ಬಿಗಿಯಬಾರದು. ಹೀಗೆ ಹತ್ತು ಸಲ. ಎರಡನೆಯದು, ನೆಟ್ಟಗೆ ಕೂತು ಹೆಗಲ ಹಲಗೆಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಹಿಡಿಯುವುದು. ಮೂರನೆಯದು, ನೋಯದಷ್ಟು ಮಾತ್ರ ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುವುದು. ಜೊತೆಗೆ ಅರ್ಧ ಗಂಟೆ ನಡಿಗೆ, ಎರಡು ದಿಂಬಿನ ಬದಲು ಕತ್ತಿನ ಹಳ್ಳ ತುಂಬುವ ಒಂದೇ ದಿಂಬು, ನೋವಿದ್ದಾಗ ಬಿಸಿನೀರಿನಲ್ಲಿ ಹಿಂಡಿದ ಟವೆಲ್ಲಿನ ಶಾಖ.

“ಇದಕ್ಕಾ ನಾನು ಕೋಲಾರಕ್ಕೆ ಬಂದದ್ದು?” ಎಂದು ಭಾವ ಗೊಣಗಿದರು. ಆದರೆ ಈ ಸಪ್ಪೆ ಚಿಕಿತ್ಸೆಗೆ ಆಧಾರವಿದೆ. ಆಸ್ಟ್ರೇಲಿಯಾದಲ್ಲಿ ಕತ್ತಿನಲ್ಲಿ ಹುಟ್ಟುವ ತಲೆನೋವಿನ 200 ಮಂದಿಯನ್ನು ನಾಲ್ಕು ಗುಂಪು ಮಾಡಿ ಆರು ವಾರ ಚಿಕಿತ್ಸೆ ಕೊಟ್ಟು ಒಂದು ವರ್ಷ ಗಮನಿಸಿದರು. 2002ರಲ್ಲಿ ಬಂದ ಆ ವರದಿಯ ಪ್ರಕಾರ, ಇಂಥ ಸಣ್ಣ ವ್ಯಾಯಾಮ ಮಾಡಿದವರಿಗೂ, ತರಬೇತಾದ ಕೈಗಳಿಂದ ಕೀಲುಗಳ ಚಿಕಿತ್ಸೆ ಪಡೆದವರಿಗೂ ತಲೆನೋವು ಕಡಿಮೆಯಾಗಿತ್ತು, ವರ್ಷದ ಕೊನೆಗೂ ಗುಣ ನಿಂತಿತ್ತು. ಆದರೆ ವ್ಯಾಯಾಮವನ್ನು ಒಮ್ಮೆ ಬಲ್ಲವರ ಎದುರಿನಲ್ಲಿ ಕಲಿತು ಮಾಡುವುದು ಕ್ಷೇಮ. ನಾನಿಲ್ಲಿ ಬರೆದದ್ದು ಗುರುತಿಗಷ್ಟೇ.

ಎಲ್ಲಕ್ಕಿಂತ ಮೊದಲು ಗೊತ್ತಿರಬೇಕಾದ್ದು ಕಾಯಬಾರದ ಲಕ್ಷಣಗಳು. ಪೆಟ್ಟು ಬಿದ್ದ ಮೇಲೆ ಕೈಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ನಡಿಗೆ ತಡವರಿಕೆ, ಮಲಮೂತ್ರದ ಹಿಡಿತ ತಪ್ಪುವುದು, ದಿನದಿಂದ ದಿನಕ್ಕೆ ಏರುವ ತಲೆನೋವು, ಪದೇ ಪದೇ ವಾಂತಿ, ಮಂಪರು, ಮಾತು ತೊದಲುವುದು, ಎರಡೆರಡು ಕಾಣುವುದು, ಒಂದು ಕಣ್ಣಿನ ರೆಪ್ಪೆ ಜೋತುಬೀಳುವುದು, ಸಿಡಿಲು ಹೊಡೆದಂತೆ ಒಮ್ಮೆಲೇ ಬರುವ ನೋವು, ಜ್ವರದ ಜೊತೆ ಕತ್ತು ಬಿಗಿಯುವುದು, ಇವುಗಳಲ್ಲಿ ಒಂದಿದ್ದರೂ ಅಂಕಣ ಓದುತ್ತ ಕೂರದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ವಯಸ್ಸಾದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ತಲೆಯೊಳಗೆ ರಕ್ತ ನಿಧಾನವಾಗಿ ಒಸರಿ ವಾರಗಳ ಮೇಲೆ ತೊಂದರೆ ಕಾಣಿಸಿಕೊಳ್ಳುವುದುಂಟು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ನಸುಕಿನಲ್ಲಿ ಎದ್ದು ರಾತ್ರಿ ಮನೆ ಸೇರುವವನಿಗೆ ವ್ಯಾಯಾಮಕ್ಕೆ ಹೊತ್ತೆಲ್ಲಿ? ಮಾತ್ರೆಗೆ ಅರ್ಧ ನಿಮಿಷ ಸಾಕು, ಅದಕ್ಕೇ ಬಡವನಿಗೆ ಮಾತ್ರೆಯೇ ಸಲೀಸು. ಭಾವ ಇದಕ್ಕೆ ತಮ್ಮದೇ ದಾರಿ ಕಂಡುಕೊಂಡರು. ಮಲಗಿ ಮಾಡುವ ವ್ಯಾಯಾಮ ಏಳುವಾಗ ಹಾಸಿಗೆಯಲ್ಲೇ, ಮಲಗುವಾಗ ಹಾಸಿಗೆಯಲ್ಲೇ. ಕೂತು ಮಾಡುವುದು ರೈಲಿನಲ್ಲಿ, ಟೇಕಲ್ ದಾಟಿ ಮಾಲೂರು ಬರುವವರೆಗೆ. ಮೊದಲು ಮೊಬೈಲಿಗೆ ತಲೆ ಬಗ್ಗಿಸಿ ಕೂರುತ್ತಿದ್ದವರು ಈಗ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ಕೈ ಸೋತಾಗ ಮೊಬೈಲು ತಾನಾಗಿ ಜೇಬು ಸೇರುತ್ತದೆ. ತೂಕಡಿಕೆ ಬಂದರೆ ಸುರುಳಿ ಸುತ್ತಿದ ಟವೆಲ್ ಕತ್ತಿಗೆ ಆನಿಕೆ. ಜೊತೆಯವರು ಮೊದಲು ನಕ್ಕರು. ಈಗ ಆ ಬೋಗಿಯಲ್ಲಿ ಭಜನೆಯ ಗುಂಪು, ಇಸ್ಪೀಟಿನ ಗುಂಪುಗಳ ಪಕ್ಕದಲ್ಲಿ ‘ಹೂಂ’ ಎನ್ನುವವರ ಗುಂಪೂ ಒಂದಿದೆ.

ವೈದ್ಯೆ ಹೇಳಿದಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಅಕ್ಕನದು. ನೋವಿದ್ದ ದಿನಕ್ಕೆ ಕೆಂಪು ಚುಕ್ಕಿ, ಮಾತ್ರೆ ನುಂಗಿದ ದಿನಕ್ಕೆ ನೀಲಿ. ಮೊದಲ ತಿಂಗಳು ಕ್ಯಾಲೆಂಡರಿಗೆ ಸಿಡುಬು ಬಂದಂತಿತ್ತು. 27 ಕೆಂಪು. ಮಾತ್ರೆ ನಿಲ್ಲಿಸಿದ ಆರನೆಯ ದಿನ ಭಾವ ಗೋಡೆಗೆ ತಲೆಯಿಟ್ಟು ಕೂತಿದ್ದರಂತೆ, ಅಕ್ಕ ಪಕ್ಕದಲ್ಲಿ ಶಾಖದ ಟವೆಲ್ ಹಿಡಿದು ಕೂತಿದ್ದಳಂತೆ. ಮೂರನೆಯ ತಿಂಗಳು 15 ಕೆಂಪು. ಐದನೆಯ ತಿಂಗಳು 7. ದಿನವೂ ನೋಯುವವನಿಗೆ ತಾನು ಗುಣವಾಗುತ್ತಿರುವುದು ತಿಳಿಯುವುದಿಲ್ಲ, ಕ್ಯಾಲೆಂಡರಿಗೆ ತಿಳಿಯುತ್ತದೆ. ಕಚೇರಿಯ ಮೇಲಧಿಕಾರಿಗೆ ಭಾವ ಆ ಹಾಳೆಗಳನ್ನೇ ಒಯ್ದು ತೋರಿಸಿದರು. ಬಾಯಿಮಾತಿಗೆ ನಂಬದವರು ಚುಕ್ಕಿ ಎಣಿಸಿ ನಂಬಿದರು. ರಿಜಿಸ್ಟರು ಬರೆಯಲು ಎತ್ತರದ ಮೇಜೊಂದು ಸಿಕ್ಕಿತು.

ಇನ್ನೊಂದು ಸಮಾಧಾನದ ಸಂಗತಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಮಿದುಳಿನ ಆರೋಗ್ಯದ ಕಾರ್ಯಕ್ರಮಕ್ಕೆ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ತಲೆನೋವೂ ಅದರ ಪಟ್ಟಿಯಲ್ಲಿದೆ. ತಲೆನೋವಿಗೆ ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ ಎಂದು ಕೇಳುವವರಿಗೆ ಇದನ್ನು ಹೇಳಬಹುದು.

ಭಾವನಿಗೆ ಪೂರ್ತಿ ವಾಸಿಯಾಯಿತೇ? ಇಲ್ಲ. ಎಲ್ಲರಿಗೂ ಪೂರ್ತಿ ಹೋಗುತ್ತದೆಂದು ವೈದ್ಯೆಯೂ ಹೇಳಲಿಲ್ಲ. ಮಳೆಗಾಲದ ಚಳಿಗೋ, ನಿದ್ದೆಗೆಟ್ಟ ರಾತ್ರಿಗೋ ನೆಂಟ ಮತ್ತೆ ಬಂದು ಬಾಗಿಲು ಬಡಿಯುತ್ತಾನೆ. ಈಗ ಅವನ ಗುಣ ಮನೆಯವರಿಗೆ ಗೊತ್ತು. ಬಿಸಿ ಟವೆಲ್, ಹತ್ತು ‘ಹೂಂ’, ಬೇಗ ಮಲಗುವುದು ಇಷ್ಟಕ್ಕೆ ಮರುದಿನ ಹೊರಡುತ್ತಾನೆ.

ಕಳೆದ ತಿಂಗಳು ಹೋದಾಗ ಸಂಜೆ ಭಾವ ನನ್ನನ್ನು ಪಾನಿಪೂರಿಗೆ ಕರೆದೊಯ್ದರು. ಪೂರಿಯನ್ನು ಬಾಯಿಗಿಟ್ಟುಕೊಳ್ಳಲು ತಲೆಯನ್ನು ಹಿಂದಕ್ಕೆ ವಾಲಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನೋವಿನ ಗೆರೆ ಮೂಡಲಿಲ್ಲ. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಸಾಸಿವೆ ಡಬ್ಬಿ ಎತ್ತಿ, ಆ ತಾರೀಖಿಲ್ಲದ ಕಾಗದ ತೆಗೆದು, ಒಲೆ ಹಚ್ಚಿದಳು.